ಮಾವನ ಗೋಮಾಳದಲ್ಲಿ ನಾನು ನೆಟ್ಟ ಸಸಿಗಳು

‘ಡೈಕರ್, ಶೇ. 71’ ಅಂತ ನನ್ನ ಲ್ಯಾಪ್‌ಟಾಪ್ ತೋರಿಸಿತು.

ಫೋಟೊದಲ್ಲಿ ಇದ್ದದ್ದು ಕಂದು ಬಣ್ಣದ, ಸಣಕಲು ಕಾಲಿನ ಒಂದು ಪ್ರಾಣಿ. ನಮ್ಮ ಮೊಣಕಾಲಿಗಿಂತ ತುಸು ಎತ್ತರ ಇರಬಹುದು ಅಷ್ಟೇ. ಬೆಳಗಿನ ಎಳೆ ಬಿಸಿಲಲ್ಲಿ ಒಣ ಹುಲ್ಲಿನ ನಡುವೆ ಒಂದು ಕಾಲು ಎತ್ತಿ ನಿಂತಿತ್ತು. ಹಣೆಯ ಮೇಲೆ ಎರಡು ಮೊಟಕು ಕೊಂಬು, ಅದರ ಹಿಂದೆ ನೆಟ್ಟಗೆ ಇನ್ನೆರಡು. ಎಣಿಸಿ ನೋಡಿದರೆ ನಾಲ್ಕು.

ಡೈಕರ್ ಅನ್ನೋದು ಆಫ್ರಿಕಾದ ಒಂದು ಪುಟ್ಟ ಹುಲ್ಲೆ. ಅದು ನಮ್ಮ ಜಗಳೂರು ತಾಲ್ಲೂಕಿಗೆ ಬರಬೇಕಾದರೆ ಹಡಗು ಹತ್ತಬೇಕು. ಫೋಟೊದಲ್ಲಿ ಇದ್ದದ್ದು ಕೊಂಡುಕುರಿ. ಪ್ರಪಂಚದಲ್ಲಿ ನಾಲ್ಕು ಕೊಂಬಿರೋ ಕಾಡುಪ್ರಾಣಿ ಇದೊಂದೇ, ಅದೂ ಗಂಡಿಗೆ ಮಾತ್ರ. ಭಾರತ ಮತ್ತು ನೇಪಾಳ ಬಿಟ್ಟರೆ ಇನ್ನೆಲ್ಲೂ ಇಲ್ಲ. ಇದಕ್ಕಂತಲೇ ನಮ್ಮ ದಾವಣಗೆರೆ ಜಿಲ್ಲೆಯಲ್ಲಿ ಒಂದು ವನ್ಯಧಾಮ ಇದೆ. ಜಗಳೂರು ತಾಲ್ಲೂಕಿನ ರಂಗಯ್ಯನದುರ್ಗ, ಸುಮಾರು 77 ಚದರ ಕಿಲೋಮೀಟರ್, 2011ರಲ್ಲಿ ಘೋಷಣೆ ಆದದ್ದು.

ಕಂಪ್ಯೂಟರ್ ತಪ್ಪು ಹೇಳಿದ್ದಕ್ಕೆ ಬೈಯೋದು ಬೇಡ. ಅದಕ್ಕೆ ಪಾಠ ಹೇಳಿಕೊಟ್ಟದ್ದು ಆಫ್ರಿಕಾದ ಲಕ್ಷಾಂತರ ಫೋಟೊಗಳು. ಕೊಂಡುಕುರಿಯ ಫೋಟೊ ಅದು ನೋಡೇ ಇಲ್ಲ. ನಾನೂ ಹಾಗೇ ಅಲ್ಲವಾ? ನನಗೆ ಮೂವತ್ತು ವರ್ಷ. ಚನ್ನಗಿರಿಯಲ್ಲಿ ಹುಟ್ಟಿ ಬೆಳೆದವನು. ಸೆರೆಂಗೆಟಿಯಲ್ಲಿ ವೈಲ್ಡ್‌ಬೀಸ್ಟ್ ಯಾವ ತಿಂಗಳು ಯಾವ ನದಿ ದಾಟ್ತವೆ ಅಂತ ಕೇಳಿ, ಹೇಳ್ತೀನಿ. ನನ್ನ ಅಮ್ಮನ ತವರು ಜಗಳೂರು ಸೀಮೆ. ಬೇಸಿಗೆ ರಜೆ ಪೂರ್ತಿ ಅಲ್ಲೇ ಕಳೆದವನು. ಕೊಂಡುಕುರಿ ಅನ್ನೋ ಹೆಸರು ಮೊದಲ ಸಲ ಗಮನ ಇಟ್ಟು ಕೇಳಿದ್ದು ಈ ವರ್ಷ.

ಇದನ್ನೆಲ್ಲ ನನ್ನ ತಲೆಗೆ ತುಂಬಿದ್ದು ಇಂಜಿನಿಯರಿಂಗ್‌ನಲ್ಲಿ ನನ್ನ ಜೊತೆ ಓದಿದ ಒಬ್ಬಳು ಗೆಳತಿ. ಅವಳ ಹೆಸರು ಬರೆದರೆ ಕೊಲ್ತಾಳೆ, ಅದಕ್ಕೆ ಬರೆಯಲ್ಲ. ಹೊನ್ನಾಳಿ ಹುಡುಗಿ. ಇಬ್ಬರಿಗೂ ಒಂದೇ ಕ್ಯಾಂಪಸ್ ಸೆಲೆಕ್ಷನ್‌ನಲ್ಲಿ ಕೆಲಸ ಸಿಕ್ಕಿತ್ತು. ಎರಡನೇ ವರ್ಷಕ್ಕೆ ಅವಳು ಕೆಲಸ ಬಿಟ್ಟು ಪರಿಸರ ವಿಜ್ಞಾನ ಓದೋಕೆ ಹೋದಳು. ಅವಳ ಮನೆಯಲ್ಲಿ ಆದ ರಾದ್ಧಾಂತ ಇನ್ನೊಂದು ಅಂಕಣಕ್ಕೆ ಆಗುತ್ತೆ, ಬಿಡಿ. ಮಧ್ಯೆ ಮೂರು ತಿಂಗಳು ದಕ್ಷಿಣ ಆಫ್ರಿಕಾದಲ್ಲಿ ಹುಲ್ಲುಗಾವಲಿನ ಕೆಲಸ ಕಲಿತು ಬಂದಳು. ಈಗ ಜಗಳೂರು ಕಡೆ ಅರಣ್ಯ ಇಲಾಖೆ ಅನುಮತಿ ತಗೊಂಡು ಕ್ಯಾಮೆರಾ ಕಟ್ಟಿದ್ದಾಳೆ. ಮುಂದೆ ಏನಾದರೂ ಹಾದು ಹೋದರೆ ತಾನೇ ಕ್ಲಿಕ್ ಆಗೋ ಕ್ಯಾಮೆರಾ.

ಏನಾದರೂ ಅಂದ್ರೆ ಏನಾದರೂ! ಗಾಳಿಗೆ ಹುಲ್ಲು ಅಲ್ಲಾಡಿದರೂ ಕ್ಲಿಕ್. ಸಾವಿರಾರು ಫೋಟೊ, ಅದರಲ್ಲಿ ಮುಕ್ಕಾಲು ಪಾಲು ಖಾಲಿ. “ಲೋ, ನೀನು ಎಐ ಎಐ ಅಂತ ಕುಣೀತಿರ್ತೀಯಲ್ಲ, ಇದಕ್ಕೇನಾದ್ರೂ ಮಾಡ್ಕೊಡೋ” ಅಂದಳು. ಮಾಡಿಕೊಟ್ಟೆ. ನಾನೇನೂ ಹೊಸದಾಗಿ ಕಡಿದು ಕಟ್ಟೆ ಹಾಕಲಿಲ್ಲ. ಸೆರೆಂಗೆಟಿಯಲ್ಲಿ 225 ಕ್ಯಾಮೆರಾ ಇಟ್ಟು ತೆಗೆದ 32 ಲಕ್ಷ ಫೋಟೊಗಳ ಮೇಲೆ ಕಂಪ್ಯೂಟರಿಗೆ ತರಬೇತಿ ಕೊಟ್ಟು, ಅದು 48 ಬಗೆಯ ಪ್ರಾಣಿಗಳನ್ನು ಗುರುತಿಸುವ ಹಾಗೆ 2018ರಲ್ಲೇ ಮಾಡಿ ತೋರಿಸಿದ್ದಾರೆ. ಪ್ರಾಣಿ ಇದೆಯಾ, ಮನುಷ್ಯ ಇದಾನಾ, ಗಾಡಿ ಇದೆಯಾ ಅಂತ ಮಾತ್ರ ನೋಡುವ ‘ಮೆಗಾಡಿಟೆಕ್ಟರ್’ ಅನ್ನೋ ಮಾಡೆಲ್ ಯಾರು ಬೇಕಾದರೂ ಬಳಸಬಹುದು. ಅದನ್ನ ಜೋಡಿಸಿದೆ. ಖಾಲಿ ಫೋಟೊ ಎಲ್ಲ ಪಕ್ಕಕ್ಕೆ ಹೋದವು. ಪ್ರಾಣಿಯ ಹೆಸರು ಹೇಳೋ ಕೆಲಸಕ್ಕೆ ಬಂದಾಗ ಮೇಲೆ ಹೇಳಿದ ಡೈಕರ್ ಕತೆ ಆಯ್ತು. ಸ್ಕ್ರೀನ್‌ಶಾಟ್ ಕಳಿಸಿದೆ. ಅವಳು ಬಿದ್ದು ಬಿದ್ದು ನಕ್ಕು, “ಎರಡು ದಿನ ರಜೆ ಹಾಕಿ ಬಾ, ನಿನ್ನ ಕಣ್ಣಿಗೂ ಟ್ರೇನಿಂಗ್ ಬೇಕು” ಅಂದಳು.

ಹೋದೆ.

ನಮ್ಮ ಜಿಲ್ಲೆಯ ಬಗ್ಗೆ ಒಂದು ಮಾತು. ನಾನು ಹುಟ್ಟಿದಾಗ ಅಪ್ಪನ ಊರು ಶಿವಮೊಗ್ಗ ಜಿಲ್ಲೆ, ಅಮ್ಮನ ಊರು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ಎರಡನ್ನೂ ಸೇರಿಸಿ ದಾವಣಗೆರೆ ಜಿಲ್ಲೆ ಮಾಡಿದರು. ಕಾಗದದ ಮೇಲೆ ಒಂದಾಯ್ತು, ಮಳೆ ಮಾತ್ರ ಒಂದಾಗಲಿಲ್ಲ. ನಮ್ಮ ಚನ್ನಗಿರಿಯಲ್ಲಿ ಅಡಿಕೆ ತೋಟ, ಭದ್ರಾ ಕಾಲುವೆ, ಸೂಳೆಕೆರೆ. ಜಗಳೂರಲ್ಲಿ ಮೆಕ್ಕೆಜೋಳ, ಶೇಂಗಾ, ಈರುಳ್ಳಿ, ಕುರಿ, ಮತ್ತೆ ಎಲ್ಲಿ ನೋಡಿದರೂ ಆಕಾಶ. ಚಿಕ್ಕವನಿದ್ದಾಗ ನಾನು ಅಜ್ಜಿ ಮನೆಗೆ ಹೋಗಿ ಬಂದರೆ ನಮ್ಮೂರ ಹುಡುಗರು “ಏನಿದೆಯಲೇ ಅಲ್ಲಿ?” ಅಂತ ಕೇಳೋರು. “ಏನಿಲ್ಲ, ಬರೀ ಬಯಲು” ಅನ್ನುತ್ತಿದ್ದೆ.

ಆ ‘ಏನಿಲ್ಲ’ದಿಂದ ನಾನು ಮಾಡಿದ ಒಂದು ಕೆಲಸ ಇಲ್ಲಿ ಹೇಳಲೇಬೇಕು.

2022ರಲ್ಲಿ ಆಗ ನಾನಿದ್ದ ಕಂಪನಿಯವರು ಸಿಎಸ್‌ಆರ್ ದುಡ್ಡಲ್ಲಿ ಸಸಿ ನೆಡೋಕೆ ಜಾಗ ಹುಡುಕ್ತಿದ್ದರು. “ಯಾರಿಗಾದ್ರೂ ಬರಡು ಜಾಗ ಗೊತ್ತಾ?” ಅಂತ ಮೇಲ್ ಬಂತು. ನಾನು ಮೊದಲಿಗನಾಗಿ ಕೈ ಎತ್ತಿದೆ. ಅಮ್ಮನ ತವರಿನ ಗೋಮಾಳ! ನನ್ನ ಕಣ್ಣಿಗೆ ಅದು ಹುಟ್ಟಿದಾಗಿನಿಂದ ಬರಡು. ಪಂಚಾಯ್ತಿಯವರು ಒಪ್ಪಿದರು. ಜೂನ್‌ನಲ್ಲಿ ಬಸ್ಸು ಮಾಡಿಕೊಂಡು ನಲವತ್ತು ಜನ ಹೋದೆವು. ಜೆಸಿಬಿ ಮೊದಲೇ ಗುಂಡಿ ತೋಡಿ ಇಟ್ಟಿತ್ತು. ಹೊಂಗೆ, ನೇರಳೆ, ಗುಲ್‌ಮೊಹರ್, ಎಲ್ಲ ಸೇರಿ ಎರಡು ಸಾವಿರ ಸಸಿ. ಸುತ್ತ ತಂತಿ ಬೇಲಿ, ಬೇಲಿಯ ಹೊರಗೆ ಟ್ರೆಂಚ್. ಮಾವ ನಮ್ಮೆಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಮಾಡಿಸಿದ್ದ. ನಾನು ಸಸಿ ಹಿಡಿದು ನಿಂತ ಫೋಟೊ ಲಿಂಕ್ಡ್‌ಇನ್‌ನಲ್ಲಿ ಇದೆ. ಇತ್ತು ಅನ್ನಿ, ಮೊನ್ನೆ ತೆಗೆದೆ.

ಗೆಳತಿಯ ಜೊತೆ ಮೊದಲನೇ ದಿನ ಬೆಳಗ್ಗೆ ಆರಕ್ಕೆ ಹೊರಟೆವು. ಜೊತೆಗೆ ಒಬ್ಬ ವಾಚರ್ ಅಣ್ಣ, ಕೈಯಲ್ಲಿ ಒಂದು ಕೋಲು. “ಕ್ರೂಗರ್‌ನಲ್ಲಿ ನಮ್ಮ ಜೊತೆ ಕೋವಿ ಹಿಡಿದ ಗಾರ್ಡ್ ಬರ್ತಿದ್ರು, ಆನೆ ಸಿಂಹ ಇರುತ್ತಲ್ಲ” ಅಂದಳು. ವಾಚರ್ ಅಣ್ಣ ಕೋಲು ಎತ್ತಿ ತೋರಿಸಿ, “ಇಲ್ಲಿ ಕರಡಿ ಐತಿ ಮೇಡಮ್, ಇದು ಸಾಕು” ಅಂದರು. ಸಾಕೋ ಇಲ್ಲವೋ ನನಗೆ ಕೊನೆಯವರೆಗೂ ಅನುಮಾನ.

ಫೀಲ್ಡ್ ವರ್ಕ್ ಅಂದರೆ ನಾನು ಡಿಸ್ಕವರಿ ಚಾನೆಲ್ ಥರ ಅಂದುಕೊಂಡಿದ್ದೆ. ನಿಜದಲ್ಲಿ ಅದು ಹಿಕ್ಕೆ ಎಣಿಸೋ ಕೆಲಸ. ಒಂದು ನೇರ ಗೆರೆ ಹಿಡಿದು ನಡೆಯೋದು, ಎರಡೂ ಕಡೆ ನೋಡೋದು, ಹಿಕ್ಕೆ ಕಂಡರೆ ಕೂತು ಬರೆದುಕೊಳ್ಳೋದು. ಕೊಂಡುಕುರಿಗೆ ಒಂದು ಶಿಸ್ತು ಇದೆ. ಮತ್ತೆ ಮತ್ತೆ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತೆ, ಹೀಗಾಗಿ ಅಲ್ಲಲ್ಲಿ ಗುಡ್ಡೆ ಆಗಿರುತ್ತೆ. ಪ್ರಾಣಿ ಕಾಣೋದು ಅಪರೂಪ. ಅದು ಒಂಟಿ ಜೀವ, ಮಹಾ ನಾಚಿಕೆ. ಸದ್ದಾದರೆ ಓಡೋದಕ್ಕಿಂತ ಎತ್ತರದ ಹುಲ್ಲಿನಲ್ಲಿ ಅಡಗೋದೇ ಅದರ ಮೊದಲ ಉಪಾಯ. ಅದಕ್ಕೇ ಹುಲ್ಲು ಬೇಕು. ಹುಲ್ಲು ಅದಕ್ಕೆ ಬಾಗಿಲು ಇದ್ದ ಹಾಗೆ, ಮುಚ್ಚಿಕೊಂಡು ಕೂರುತ್ತೆ.

ಹಿಕ್ಕೆ ಆದಮೇಲೆ ಹುಲ್ಲು. ಒಂದು ಮೀಟರ್ ಉದ್ದ, ಒಂದು ಮೀಟರ್ ಅಗಲದ ಚೌಕಟ್ಟು ನೆಲದ ಮೇಲೆ ಇಡೋದು. ಅದರೊಳಗೆ ಎಷ್ಟು ಬಗೆ ಹುಲ್ಲು ಇದೆ, ಎಷ್ಟು ಎತ್ತರ, ಎಷ್ಟು ಬರಿ ನೆಲ ಅಂತ ಬರೆಯೋದು. ಮೊದಲ ಚೌಕಕ್ಕೆ ನಾನು “ಒಂದು ಬಗೆ” ಅಂದೆ. ಅವಳು ಒಂಬತ್ತು ತೋರಿಸಿದಳು. ಇಡೀ ದಿನ ಇದೇ ಕೆಲಸ. ಸಂಜೆ ನನ್ನ ಸಾಕ್ಸ್ ತುಂಬ ಊಬು ಚುಚ್ಚಿಕೊಂಡಿತ್ತು. ಕಿತ್ತಷ್ಟೂ ಒಳಗೆ ಹೋಗೋ ಆ ಊಬಿನ ಹುಲ್ಲು ಆಫ್ರಿಕಾದಲ್ಲೂ ಇದೇ ಜಾತಿ ಇದೆಯಂತೆ. ‘ಹೆಟೆರೊಪೋಗಾನ್ ಕಂಟಾರ್ಟಸ್’ ಅಂತ ಹೆಸರು. “ನಾನು ಅಲ್ಲಿ ಮೊದಲ ದಿನ ಸಾಕ್ಸ್ ಬಿಚ್ಚಿ ಕೂತಾಗ ಅಳು ಬಂದುಬಿಡ್ತು ಕಣೋ” ಅಂದಳು. “ನೋವಿಗಾ?” ಅಂದೆ. “ಅಲ್ಲ. ಅಮ್ಮ ನನ್ನ ಲಂಗದಿಂದ ಇದನ್ನೇ ಕೀಳ್ತಾ ಬೈತಿದ್ದದ್ದು ನೆನಪಾಗಿ.”

ಬಂಡೆ ಮೇಲೆ ಕೂತು ಬುತ್ತಿ ಬಿಚ್ಚಿದಾಗ ಅವಳು ಹೇಳಿದ್ದನ್ನ ನನಗೆ ಅರ್ಥ ಆದಷ್ಟು ಬರೀತೀನಿ.

ಸವನ್ನಾ ಅಂದರೆ ಕಾಡು ಕಡಿದು ಉಳಿದ ಜಾಗ ಅಲ್ಲ. ಕಾಡಾಗೋಕೆ ಕಾಯ್ತಾ ಇರೋ ಜಾಗವೂ ಅಲ್ಲ. ಕೆಳಗೆ ಹುಲ್ಲಿನ ಹಾಸು, ಮೇಲೆ ದೂರ ದೂರ ಜಾಲಿ, ಕಮರದಂಥ ಮರ, ನಡುವೆ ತಂಗಡಿ, ಬಂದರೆ ಪೊದೆ. ಅದರ ರೂಪವೇ ಅದು. ಹುಲ್ಲಿಗೆ ನೆತ್ತಿ ಮೇಲೆ ಬಿಸಿಲು ಬೇಕು. ನೆರಳಾದರೆ ಸಾಯುತ್ತೆ. ಹುಲ್ಲಿನ ಜೊತೆ ಅದನ್ನ ನಂಬಿದ ಎಲ್ಲವೂ ಹೋಗುತ್ತೆ.

ಹಾಗಾದರೆ ಮರಗಳು ಯಾಕೆ ತುಂಬಿಕೊಳ್ಳಲ್ಲ? ಇದನ್ನ ಲೆಕ್ಕ ಹಾಕಿ ತೋರಿಸಿದವರಲ್ಲಿ ಒಬ್ಬರು ನಮ್ಮ ಬೆಂಗಳೂರಿನ ಎನ್‌ಸಿಬಿಎಸ್‌ನ ಮಹೇಶ್ ಶಂಕರನ್. ಆಫ್ರಿಕಾದ 854 ಜಾಗಗಳ ಮಾಹಿತಿ ಸೇರಿಸಿ ಅವರೂ ಜೊತೆಗಾರರೂ 2005ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಬರೆದರು. ವರ್ಷಕ್ಕೆ ಸುಮಾರು 650 ಮಿಲಿಮೀಟರಿಗಿಂತ ಕಮ್ಮಿ ಮಳೆ ಬೀಳೋ ಕಡೆ ಎಷ್ಟು ಮರ ಇರಬಹುದು ಅನ್ನೋದನ್ನ ನೀರೇ ತೀರ್ಮಾನ ಮಾಡುತ್ತೆ. ಅಲ್ಲಿ ಮರಗಳ ಚಪ್ಪರ ಕೂಡಿಕೊಳ್ಳೋಕೆ ಆಗಲ್ಲ. ಅದಕ್ಕಿಂತ ಜಾಸ್ತಿ ಮಳೆ ಇದ್ದರೆ ಮರ ತುಂಬಿಕೊಳ್ಳಬಹುದು. ಅಲ್ಲಿ ಹುಲ್ಲು ಉಳಿಯಬೇಕಾದರೆ ಬೆಂಕಿಯೋ ಮೇಯುವ ಪ್ರಾಣಿಗಳೋ ಆಗಾಗ ಬಂದು ಹೋಗಬೇಕು.

ಬೆಂಕಿಯ ವಿಚಾರಕ್ಕೆ ಅವಳು ಕ್ರೂಗರ್ ರಾಷ್ಟ್ರೀಯ ಉದ್ಯಾನದ ಒಂದು ಪ್ರಯೋಗ ಹೇಳಿದಳು. ಸಾಫ್ಟ್‌ವೇರಿನವನಾದ ನನಗೆ ಅದು ತುಂಬ ಹಿಡಿಸಿತು. 1954ರಲ್ಲಿ ಶುರು ಮಾಡಿದ್ದು. ಒಂದೊಂದು ಸುಮಾರು 7 ಹೆಕ್ಟೇರಿನ ತುಂಡುಗಳು. ಕೆಲವಕ್ಕೆ ವರ್ಷಾ ವರ್ಷ ಬೆಂಕಿ, ಕೆಲವಕ್ಕೆ ಎರಡು ವರ್ಷಕ್ಕೆ, ಕೆಲವಕ್ಕೆ ಮೂರು ವರ್ಷಕ್ಕೆ, ಕೆಲವಕ್ಕೆ ಬೆಂಕಿಯೇ ಇಲ್ಲ. ಎಪ್ಪತ್ತು ವರ್ಷ ದಾಟಿತು. ಶುರು ಮಾಡಿದವರ ಕೆಲಸವನ್ನ ಅವರ ಮೊಮ್ಮಕ್ಕಳ ವಯಸ್ಸಿನವರು ನೋಡಿಕೊಳ್ತಿದ್ದಾರೆ. ನಮ್ಮ ಫೀಲ್ಡಲ್ಲಿ ಮೂರು ವರ್ಷ ಹಳೇ ಕೋಡ್ ಮುಟ್ಟೋಕೆ ಯಾರೂ ಇರಲ್ಲ. ಮಳೆ ಜಾಸ್ತಿ ಇರುವ ಪ್ರಿಟೋರಿಯಸ್‌ಕಾಪ್ ಕಡೆ, ಬೆಂಕಿ ತಾಗದ ತುಂಡುಗಳಲ್ಲಿ ಮರಗಳು ಎತ್ತರ ಬೆಳೆದು ದಟ್ಟವಾದವು. ಬೆಂಕಿ ಬಿದ್ದ ಕಡೆ ಹುಲ್ಲು ಉಳಿಯಿತು. ಸ್ಕುಕುಜಾ ಕಡೆ ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ. ಜಗಳೂರಿನ ಮಳೆಗೂ ಅದಕ್ಕೂ ಅಂಥ ವ್ಯತ್ಯಾಸ ಇಲ್ಲ.

(ಇದನ್ನ ಓದಿ ಯಾರೂ ಬೆಂಕಿಪೊಟ್ಟಣ ಹಿಡಿದು ಗುಡ್ಡ ಹತ್ತಬೇಡಿ. ಕಾಡಿಗೆ ಬೆಂಕಿ ಇಡೋದು ಅಪರಾಧ. ಅಲ್ಲಿ ಮಾಡಿದ್ದು ಅಳತೆ ಇಟ್ಟುಕೊಂಡು ಮಾಡಿದ ಪ್ರಯೋಗ.)

ನಮ್ಮ ದೇಶದಲ್ಲಿ ಇಂಥ ನೆಲವನ್ನ ಏನಂತ ಕರೀತೀವಿ? ಬ್ರಿಟಿಷರ ಕಾಲದಲ್ಲಿ ಕಂದಾಯ ಬಾರದ ನೆಲ ಎಲ್ಲ ‘ವೇಸ್ಟ್ ಲ್ಯಾಂಡ್’. ಸ್ವಾತಂತ್ರ್ಯ ಬಂದ ಮೇಲೂ ಅದೇ ಹೆಸರು ಉಳೀತು, ಅದಕ್ಕೊಂದು ಅಟ್ಲಾಸ್ ಕೂಡ ಇದೆ. 2011ರಲ್ಲಿ ಜಯಶ್ರೀ ರತ್ನಂ, ಮಹೇಶ್ ಶಂಕರನ್, ದಕ್ಷಿಣ ಆಫ್ರಿಕಾದ ವಿಲಿಯಂ ಬಾಂಡ್ ಮುಂತಾದವರು ಸೇರಿ ಒಂದು ಲೇಖನ ಬರೆದರು. ನಾವು ಕಾಡು ಅಂತ ಕರೆಯೋ ಎಷ್ಟೋ ಜಾಗ ನಿಜಕ್ಕೂ ಸವನ್ನಾ, ಹೆಸರು ತಪ್ಪಿದರೆ ನೋಡಿಕೊಳ್ಳೋ ರೀತಿಯೂ ತಪ್ಪುತ್ತೆ ಅನ್ನೋದು ಅದರ ವಾದ. ಆಮೇಲೆ ಎಂ.ಡಿ. ಮಧುಸೂದನ್ ಮತ್ತು ಅಬಿ ವನಕ್ ಉಪಗ್ರಹ ಚಿತ್ರ ಇಟ್ಟುಕೊಂಡು ನಕ್ಷೆ ಮಾಡಿದರು. ಇಂಥ ಬಯಲು, ಕುರುಚಲು, ಹುಲ್ಲುಗಾವಲು ಭಾರತದ ಭೂಮಿಯ ಸುಮಾರು ಶೇ. 10ರಷ್ಟಿದೆ. ಅದರಲ್ಲಿ ರಕ್ಷಿತ ಪ್ರದೇಶಗಳ ಒಳಗಿರೋದು ಶೇ. 5ಕ್ಕೂ ಕಮ್ಮಿ.

ನಮ್ಮ ಹಿಂದಿನವರಿಗೆ ಇದು ಗೊತ್ತಿರಲಿಲ್ಲ ಅಂತಲ್ಲ. ಮೈಸೂರು ಅರಸರು ಅಮೃತಮಹಲ್ ದನಗಳಿಗೆ ಅಂತಲೇ ಹುಲ್ಲುಗಾವಲು ಕಾಯ್ದಿರಿಸಿದರು. ಅದಕ್ಕೆ ಅವರು ಇಟ್ಟ ಹೆಸರು ‘ಕಾವಲು’. ಎಂಥ ಪದ ನೋಡಿ! ಹುಲ್ಲು ಕೂಡ ಕಾಯಬೇಕಾದ ಆಸ್ತಿ ಅಂತ ಆ ಪದವೇ ಹೇಳುತ್ತೆ. ನಮ್ಮ ಚನ್ನಗಿರಿ ಪಕ್ಕದ ಅಜ್ಜಂಪುರದಲ್ಲಿ ಇವತ್ತಿಗೂ ಆ ತಳಿಯ ಕೇಂದ್ರ ಇದೆ. ಜಗಳೂರಿನ ಪಕ್ಕದ ಚಳ್ಳಕೆರೆಯ ಕಾವಲುಗಳಲ್ಲಿ ಸಾವಿರಾರು ಎಕರೆ ದೊಡ್ಡ ದೊಡ್ಡ ಸಂಸ್ಥೆಗಳಿಗೆ ಹೋಯ್ತು, ಕುರಿಗಾಹಿಗಳು ಹಸಿರು ನ್ಯಾಯಮಂಡಳಿವರೆಗೂ ಹೋದ ಸುದ್ದಿ ನೀವೂ ಓದಿರುತ್ತೀರಿ.

ಇನ್ನೊಂದು ಪದ: ಸಿವಂಗಿ. ನಮ್ಮ ಭಾಷೆಯಲ್ಲಿ ಚೀತಾಕ್ಕೆ ಇದ್ದ ಹೆಸರು. 1952ರಲ್ಲಿ ಭಾರತದಲ್ಲಿ ಚೀತಾ ನಿರ್ನಾಮ ಆಯ್ತು ಅಂತ ಸರ್ಕಾರವೇ ಹೇಳಿತು. 2022ರ ಸೆಪ್ಟೆಂಬರ್ 17ರಂದು ನಮೀಬಿಯಾದಿಂದ ಎಂಟು, ಮರು ವರ್ಷ ಫೆಬ್ರುವರಿಯಲ್ಲಿ ದಕ್ಷಿಣ ಆಫ್ರಿಕಾದಿಂದ ಹನ್ನೆರಡು ಚೀತಾ ವಿಮಾನದಲ್ಲಿ ಬಂದವು. ಆಫೀಸಿನಲ್ಲಿ ನಾವೆಲ್ಲ ಮೊಬೈಲ್ ಹಿಡಿದು ಲೈವ್ ನೋಡಿದೆವು. ಅದೇ ವರ್ಷದ ಜೂನ್‌ನಲ್ಲೇ ನಾನು ಗೋಮಾಳದಲ್ಲಿ ಗುಂಡಿ ಮುಚ್ಚುತ್ತಾ ಇದ್ದೆ!

ಮಾವನ ಊರು ಅಲ್ಲಿಂದ ದೂರ ಇರಲಿಲ್ಲ. ಸಂಜೆ ಅವಳನ್ನೂ ಕರೆದುಕೊಂಡು ಹೋದೆ. ನಿಜ ಹೇಳಬೇಕಂದ್ರೆ ನನ್ನ ಸಸಿಗಳನ್ನ ತೋರಿಸೋ ಆಸೆ ಇನ್ನೂ ಸ್ವಲ್ಪ ಉಳಿದಿತ್ತು.

ಬೇಲಿ ಹಾಗೇ ಇತ್ತು. ಕಂಪನಿಯ ಬೋರ್ಡ್ ಬಿಸಿಲಿಗೆ ಬಿಳಿಚಿಕೊಂಡಿತ್ತು. ಒಳಗೆ ಸಾಲು ಸಾಲು ಗುಂಡಿ, ಗುಂಡಿಯಲ್ಲಿ ಒಣ ಕಡ್ಡಿ. ಮೂಲೆಯಲ್ಲಿ ಬದುಕಿದ್ದ ಹೊಂಗೆ ಎಣಿಸಿದೆ, ಮೂವತ್ತೊಂದು. ಜೆಸಿಬಿ ಮಗುಚಿದ ಮಣ್ಣಿನ ಮೇಲೆ ಪಾರ್ಥೇನಿಯಂ ಆಳೆತ್ತರ ಬೆಳೆದಿತ್ತು. ಗೆಳತಿ ಏನೂ ಅನ್ನಲಿಲ್ಲ. ಚೌಕಟ್ಟು ತೆಗೆದು ಬೇಲಿ ಹೊರಗೆ ಒಂದು ಕಡೆ, ಒಳಗೆ ಒಂದು ಕಡೆ ಇಟ್ಟಳು. ಹೊರಗೆ ಏಳು ಬಗೆ ಹುಲ್ಲು. ಒಳಗೆ ಮಗುಚಿದ ಮಣ್ಣಿನಲ್ಲಿ ಎರಡು. ಒಂದೇ ಒಂದು ಜೋಡಿ ಚೌಕದಿಂದ ಏನೂ ಸಾಬೀತಾಗಲ್ಲ ಅಂತ ಅವಳೇ ಹೇಳಿದಳು. ವಿಜ್ಞಾನಕ್ಕೆ ಅದು ಸಾಲದಿರಬಹುದು, ನನಗೆ ಸಾಕಾಯ್ತು.

ಮನೆಗೆ ಹೋದರೆ ಮಾವನ ರೊಪ್ಪದಲ್ಲಿ ಕುರಿ ಕಮ್ಮಿ. ನಾನು ಕಂಡಾಗಲೆಲ್ಲ ಅರವತ್ತರ ಮೇಲೆ ಇರ್ತಿದ್ದವು. ಎಣಿಸಿದರೆ ಇಪ್ಪತ್ತೈದೂ ಇಲ್ಲ.

“ಮಾರಿದೆ ಕಣಪ್ಪ” ಅಂದ ಮಾವ, ಹಗ್ಗ ಹೊಸೆಯುತ್ತಾ. “ಮೇಯ್ಸಾಕೆ ಎಲ್ಲೈತಿ? ಗೋಮಾಳಕ್ಕೆ ಬೇಲಿ ಬಿತ್ತು. ಆ ಕಡೆ ವನ್ಯಧಾಮ, ಬಿಡಂಗಿಲ್ಲ. ಈ ಕಡೆ ಫ್ಯಾನಿನ ಕಂಪನಿ.” ಫ್ಯಾನು ಅಂದರೆ ಗಾಳಿಯಂತ್ರ.

“ನನಗೆ ಹೇಳ್ಲೇ ಇಲ್ವಲ್ಲ ಮಾವ?”

“ನೀನೇ ಬಂದು ನೆಟ್ಟಿದ್ದಲ್ಲಪ್ಪ. ಅಷ್ಟು ಜನದ ಮುಂದೆ ಖುಷೀಲಿದ್ದೆ. ಹೆಂಗೆ ಹೇಳ್ಲಿ?”

ಅತ್ತೆ ರೊಟ್ಟಿ ತಟ್ಟುತ್ತಿದ್ದ ಸದ್ದು ಮಾತ್ರ ಕೇಳ್ತಿತ್ತು. ನನಗೆ ಆ ಕ್ಷಣ ಅಲ್ಲಿಂದ ಎದ್ದು ಹೋಗಬೇಕು ಅನ್ನಿಸ್ತು. ಗೆಳತಿ ಮಾತು ಬೇರೆ ಕಡೆ ತಿರುಗಿಸಿ ನನ್ನನ್ನ ಉಳಿಸಿದಳು. “ಮಾವ, ಈ ಜೋಳ ಎಲ್ಲಿಂದ ಬಂತು ಗೊತ್ತಾ?” ಅಂದಳು. “ನಮ್ಮ ಹೊಲದ್ದೇ” ಅಂದ ಮಾವ. “ಅದಕ್ಕೂ ಮುಂಚೆ? ಆಫ್ರಿಕಾದಲ್ಲಿ ಸುಡಾನ್ ಕಡೆ ಬಯಲಲ್ಲಿ ಕಾಡುಹುಲ್ಲಾಗಿತ್ತು. ರಾಗಿ ಪೂರ್ವ ಆಫ್ರಿಕಾದ್ದು. ಸಜ್ಜೆ ಸಹಾರಾ ಪಕ್ಕದ್ದು. ಎಲ್ಲ ಸವನ್ನಾ ಹುಲ್ಲುಗಳೇ. ಸಾವಿರಾರು ವರ್ಷದ ಹಿಂದೆ ಇಲ್ಲಿಗೆ ಬಂದು ಇದು ನಮ್ಮೂರ ಥರಾನೇ ಇದೆ ಅಂತ ಒಗ್ಗಿಕೊಂಡುಬಿಟ್ವು.” ಮಾವ ರೊಟ್ಟಿ ತಿರುಗಿಸಿ ಮುರುಗಿಸಿ ನೋಡಿ, “ಅಂದ್ರೆ ನಾವೆಲ್ಲ ಹುಲ್ಲು ತಿಂದೇ ಬದುಕಿರೋದು ಅನ್ನು” ಅಂದ. ನಕ್ಕೆವು. ನನ್ನ ಗಂಟಲಿನ ರೊಟ್ಟಿ ಮಾತ್ರ ಇಳಿಯಲಿಲ್ಲ.

ಕೊಂಡುಕುರಿ ಬಗ್ಗೆ ಕೇಳಿದಾಗ ಮಾವನಿಗೆ ಎಲ್ಲ ಗೊತ್ತಿತ್ತು. ಯಾವ ಹಳ್ಳದಲ್ಲಿ ನೀರಿಗೆ ಬರುತ್ತೆ, ಯಾವ ತಿಂಗಳು ಮರಿ ಜೊತೆ ಕಾಣುತ್ತೆ, ಎಲ್ಲ. “ಕುರಿ ಮೇಯೋ ಕಡೆ ಅದೂ ಇರೋದು. ಜಾಸ್ತಿ ಕುರಿ ಬಿಟ್ರೆ ಹೋಗುತ್ತೆ. ನಾಯಿ ಕಂಡ್ರೆ ಮಾತ್ರ ಆ ಕಡೆ ತಲೆ ಹಾಕಲ್ಲ” ಅಂದ. ಗೆಳತಿ ನೋಟ್‌ಬುಕ್ ತೆಗೆದು ಬರೆದುಕೊಂಡಳು. ಕುರಿಗಾಹಿಗಳಿಗೂ ವನ್ಯಜೀವಿಗಳಿಗೂ ಜಗಳ ಇಲ್ಲವೇ ಇಲ್ಲ ಅಂತ ನಾನು ಹೇಳ್ತಿಲ್ಲ, ಇದೆ. ಹುಲ್ಲು ಮಿತಿ ಮೀರಿ ಮೇಯ್ದರೆ ಕೊಂಡುಕುರಿಗೆ ಅಡಗೋಕೆ ಜಾಗ ಇರಲ್ಲ. ಕುರಿ ಕಾಯೋ ನಾಯಿಗಳು ಅದನ್ನ ಅಟ್ಟಿಸಿಕೊಂಡು ಹೋಗ್ತವೆ. ಆದರೆ ಆ ಲೆಕ್ಕ ಕೂತು ಮಾತಾಡಬೇಕಾದ್ದು ಮಾವನಂಥವರ ಜೊತೆ. ನಾನು ಬೆಂಗಳೂರಿನಿಂದ ಬಸ್ಸಲ್ಲಿ ಬಂದು ಅವನ ಕುರಿಗಳನ್ನ ಆಚೆ ಹಾಕಿದೆ, ಒಳಗೆ ಕೊಂಡುಕುರಿಗೂ ಏನೂ ಉಳಿಸಲಿಲ್ಲ.

ವಾಪಸ್ ಬರುವಾಗ ಅವಳು ತನ್ನೂರಿನ ಕತೆ ಹೇಳಿದಳು. ಹೊನ್ನಾಳಿ ದಾಟಿದರೆ ತುಂಗಭದ್ರೆಯ ಆಚೆ ಕಡೆ ರಾಣೆಬೆನ್ನೂರು. ಅಲ್ಲಿಯ ಕೃಷ್ಣಮೃಗ ಅಭಯಾರಣ್ಯ 119 ಚದರ ಕಿಲೋಮೀಟರ್, 1974ರದ್ದು. ಒಂದು ಕಾಲಕ್ಕೆ ಅಲ್ಲಿ ಎರೆಭೂತ ಇತ್ತು. ಆಳಿನ ಸೊಂಟದೆತ್ತರದ ಹಕ್ಕಿ, ಇಂಗ್ಲಿಷಿನಲ್ಲಿ ಗ್ರೇಟ್ ಇಂಡಿಯನ್ ಬಸ್ಟರ್ಡ್. ಅದಕ್ಕೆ ದೂರದವರೆಗೆ ಕಾಣೋ ಬಯಲು ಬೇಕು. ಆ ಹುಲ್ಲುಗಾವಲಿನಲ್ಲಿ ನೀಲಗಿರಿ ನೆಟ್ಟರು. ನೆಟ್ಟವರು ಕೆಟ್ಟವರಲ್ಲ, ಬರಡು ನೆಲ ಹಸಿರು ಮಾಡ್ತಿದ್ದೀವಿ ಅಂತಲೇ ಮಾಡಿದ್ದು. ನನ್ನ ಹಾಗೇ. ಕೃಷ್ಣಮೃಗ ಹೊಲಗದ್ದೆಗೆ ನುಗ್ಗಿ ಬೈಸಿಕೊಂಡಾದರೂ ಬದುಕಿಕೊಂಡಿತು. ಎರೆಭೂತ ಅಲ್ಲಿಂದ ಹೋಗಿಯೇ ಬಿಟ್ಟಿತು. ಅವಳ ಅಜ್ಜ ನೋಡಿದ್ದರಂತೆ, ಅವಳು ನೋಡಿಲ್ಲ.

ಮರ ನೆಡಬೇಡಿ ಅಂತ ನಾನು ಬರೆದೆ ಅಂತ ಕಾಮೆಂಟಿನಲ್ಲಿ ಬರೋರಿಗೆ ಮೊದಲೇ ಹೇಳ್ತೀನಿ. ಬೆಂಗಳೂರಿನ ರಸ್ತೆ ಬದಿ ನೆಡಿ. ಹೊಲದ ಬದುವಿಗೆ, ಶಾಲೆ ಅಂಗಳಕ್ಕೆ, ಕಾಡು ಕಡಿದ ಮಲೆನಾಡಿಗೆ ಅಲ್ಲಿಯದೇ ಗಿಡ ನೆಡಿ. ಇಂಗಾಲದ ಲೆಕ್ಕ ಕೇಳೋರಿಗೆ ಒಂದು ವಿಷಯ: ಹುಲ್ಲುಗಾವಲು ತನ್ನ ಇಂಗಾಲದ ಬಹುಪಾಲನ್ನ ನೆಲದ ಕೆಳಗೆ, ಬೇರು ಮತ್ತು ಮಣ್ಣಿನಲ್ಲಿ ಇಟ್ಟಿರುತ್ತೆ. ಜೆಸಿಬಿ ಮಗುಚೋದು ಅದನ್ನೇ.

ಬೆಂಗಳೂರಿಗೆ ಬಂದ ಮೇಲೆ ಆ ಹಳೇ ಕಂಪನಿಯ ಸಿಎಸ್‌ಆರ್ ತಂಡಕ್ಕೆ ಮೇಲ್ ಬರೆದೆ. ಆ ಜಾಗ ತೋರಿಸಿದ್ದು ನಾನೇ, ಅದು ಬರಡು ಅಂದಿದ್ದು ತಪ್ಪು, ಬೇಲಿ ತೆಗೆಸಿ ಗೋಮಾಳ ಊರಿಗೆ ಬಿಟ್ಟುಕೊಡಿ ಅಂತ. ಹನ್ನೊಂದು ದಿನಕ್ಕೆ ಉತ್ತರ ಬಂತು. ಆ ಜಾಗ ಅವರ ವರದಿಯಲ್ಲಿ ‘ಮರು ಅರಣ್ಯೀಕರಣ ಪೂರ್ಣ’ ಅಂತ ಇದೆಯಂತೆ, ಬೇಲಿ ತೆಗೆದರೆ ಆಡಿಟ್‌ಗೆ ತೊಂದರೆಯಂತೆ. ಪಂಚಾಯ್ತಿಯಿಂದ ಪತ್ರ ಬಂದರೆ ನೋಡೋಣ ಅಂದಿದ್ದಾರೆ. ಪತ್ರದ ಕರಡು ನಾನೇ ಬರೆದು ಮಾವನಿಗೆ ವಾಟ್ಸಾಪ್ ಮಾಡಿದೆ. ಗ್ರಾಮಸಭೆ ಮುಂದಿನ ತಿಂಗಳು.

ಈಗಿನ ಕಂಪನಿಯಲ್ಲೂ ಈ ಸಲ ಜಾಗ ಹುಡುಕ್ತಿದ್ದಾರೆ. “ಬರಡು ಜಾಗ ಗೊತ್ತಾ?” ಅನ್ನೋ ಅದೇ ಮೇಲ್. ಈ ಸಲವೂ ಕೈ ಎತ್ತಿದ್ದೀನಿ, ಆ ಸಮಿತಿಯಲ್ಲಿ ಕೂರೋಕೆ. ನಾನು ಕೇಳಬೇಕು ಅಂತಿರೋ ಪ್ರಶ್ನೆ ಒಂದೇ: ಅಲ್ಲಿ ಈಗ ಏನು ಬೆಳೀತಿದೆ, ಯಾರು ಮೇಯ್ತಿದ್ದಾರೆ ಅಂತ ಯಾರಾದರೂ ಕೂತು ನೋಡಿದ್ದೀರಾ?

ಇನ್ನು ಮಾಡೆಲ್. ಶನಿವಾರ ಭಾನುವಾರ ಕೂತು ಕೊಂಡುಕುರಿ ಫೋಟೊಗಳಿಗೆ ಕೈಯಿಂದ ಹೆಸರು ಹಾಕ್ತಿದ್ದೀನಿ. ಇಲ್ಲಿವರೆಗೆ 43 ಆಗಿದೆ. ಕಂಪ್ಯೂಟರಿಗೆ ಪಾಠ ಆಗಬೇಕಾದರೆ ಇನ್ನೂ ನೂರಾರು ಬೇಕು. ಮೊನ್ನೆ ರಾತ್ರಿ ಮಾವ ಒಂದು ವಿಡಿಯೊ ಕಳಿಸಿದ. ಮಳೆಗೆ ಟ್ರೆಂಚಿನ ಒಂದು ಮೂಲೆ ಕುಸಿದು ಬೇಲಿ ವಾಲಿಕೊಂಡಿದೆ. ಕುರಿಗಳು ಒಂದರ ಹಿಂದೆ ಒಂದು ಒಳಗೆ ಹೋಗ್ತಿವೆ. ಕೊನೆಯಲ್ಲಿ ಮಾವನ ದನಿ: “ನಾನು ಬಿಟ್ಟಿದ್ದಲ್ಲಪ್ಪ, ಅವೇ ಹೋದ್ವು.”